ಅರಿಷಿಣದ ನೀರು

ಹತ್ತರಗಿಯಿಂದ ಹೊಲದ ದಾರಿ ಹಿಡಿದರೆ ಊರ ಹೊರಗೆ ಒಂದು ಆಲದ ಮರ. ಮರದ ಮಗ್ಗುಲಿಗೆ ಬಾವಿ. ಎಳ್ಳಮವಾಸಿಯ ದಿನ, ಕೋಳಿ ಇನ್ನೂ ಕೂಗಿರಲಿಲ್ಲ, ಶೆಟ್ಟೆಪ್ಪ ಆ ಮರದ ಕೆಳಗೆ ಹಾದು ಹೊರಟಿದ್ದ. ತಲೆಯ ಮೇಲೆ ಚರಗದ ಬುಟ್ಟಿ, ಭೂಮಿಗೆ ಚೆಲ್ಲುವ ಎಡೆ. ಹಿಂದೆ ಅವನ ಹೆಂಡತಿಯ ತಮ್ಮ ಯಲ್ಲಪ್ಪ, ಹೆಗಲಿಗೆ ಮಣ್ಣಿನ ತತ್ರಾಣಿ. ಅದರ ತುಂಬ ಅರಿಷಿಣದ ನೀರು.

ಇದು ನಮ್ಮ ಬಾಜೂ ಮನೆಯಲ್ಲಿ ನಡೆದದ್ದು. ಮಾನಮೋಡಿ ಬೇನೆ ಬಂದು ಮನೆಗೊಂದು ಹೆಣ ಬಿದ್ದಿತಲ್ಲ, ಅದರ ಮರುವರ್ಷ.

ಮರ ಹತ್ತಿರವಾದ ಕೂಡಲೇ ಶೆಟ್ಟೆಪ್ಪ ಬಿರಬಿರನೆ ನಡೆದ. ಬೇನೆಯ ದಿನಗಳಲ್ಲಿ ಎಲ್ಲರೂ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದ್ದರು. ಅವನ ತಮ್ಮ ಕೇದಾರಿ ಸತ್ತದ್ದು ಇದೇ ಮರದ ಕೆಳಗಿನ ಗುಡಿಸಲಲ್ಲಿ. ಜ್ವರ ನೆತ್ತಿಗೇರಿ ರಾತ್ರಿಯೆಲ್ಲ "ಯಣ್ಣಾ... ನೀರು" ಅಂದ. ಬಾವಿ ಕೈಯಳತೆಯಲ್ಲೇ ಇತ್ತು. ಆದರೆ ವೈದ್ಯ ಹೇಳಿಬಿಟ್ಟಿದ್ದ, ಜ್ವರದಲ್ಲಿ ನೀರೆಂದರೆ ವಿಷ, ಒಂದು ಗುಟುಕು ಇಳಿದರೂ ಆಳು ಉಳಿಯೋದಿಲ್ಲ ಅಂತ. ಶೆಟ್ಟೆಪ್ಪ ಕೊಡವನ್ನು ಎತ್ತಿ ಹೊರಗಿಟ್ಟು ಕಂಬಳಿ ಮುಸುಕು ಹಾಕಿಕೊಂಡು ಕೂತ. ಬೆಳಗಾಗುವಷ್ಟರಲ್ಲಿ ದನಿ ನಿಂತಿತ್ತು. ನೀರು ಕೊಡಲಿಲ್ಲ, ಆಳೂ ಉಳಿಯಲಿಲ್ಲ. ಅಂಥ ವೈದ್ಯನಿಗೆ ಏನೆನ್ನಬೇಕೋ ನೀವೇ ಹೇಳಿ.

ಈಗ ಕೇದಾರಿಯ ಮಗಳು ಗುಡ್ಡವ್ವ, ಇನ್ನೂ ತೊದಲು ಮಾತಿನ ಕೂಸು, ಹಾಗೇ ಜ್ವರದಲ್ಲಿ ಬಿದ್ದಿದ್ದಳು. ಅದೇ ವೈದ್ಯ, ಅದೇ ಮಾತು. ಕೂಸಿನ ತುಟಿ ಒಡೆದು ರಕ್ತ ಜಿನುಗುತ್ತಿತ್ತು. "ನೀ... ನೀ..." ಅಂತ ಕೊಡದ ಕಡೆ ಕೈ ಚಾಚುತ್ತಿತ್ತು. ತಾಯಿ ಬಾಳವ್ವ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ಕೊಡಲು ಆಕೆಗೂ ಧೈರ್ಯವಿಲ್ಲ.

ಹೋದ ವರ್ಷ ಬೂದಿಸಿದ್ಧನ ಗುಡ್ಡಕ್ಕೆ ಚರಗ ಮುಟ್ಟಿಲ್ಲ, ಗುಡ್ಡ ಮುನಿದಿದೆ ಅಂದರು ಹಿರಿಯರು. ಹೊಲದಲ್ಲಿ ಚರಗ ಎಲ್ಲರೂ ಚೆಲ್ಲುತ್ತಾರೆ. ಶೆಟ್ಟೆಪ್ಪನ ಮನೆತನದವರು ಮಾತ್ರ ಮೊದಲ ಚರಗವನ್ನು ಕಾಡು ದಾಟಿ ಆ ಗುಡ್ಡದ ನೆತ್ತಿಗೆ ಹೊತ್ತೊಯ್ಯಬೇಕು. ಇಬ್ಬರು ಹೋಗಬೇಕು. ಮುಂದಿನವನು ಅನ್ನ ಚೆಲ್ಲುತ್ತ "ಹುಲ್ಲುಲ್ಲಿಗೋ" ಅನ್ನಬೇಕು. ಹಿಂದಿನವನು ಅರಿಷಿಣ ಕದಡಿದ ನೀರು ಚಿಮುಕಿಸುತ್ತ "ಚಲ್ಲಂಬರಿಗೋ" ಅಂತ ಓಗೊಡಬೇಕು. ಗುಡ್ಡದ ಗಡಿಕಲ್ಲು ದಾಟಿದ ಮೇಲೆ ಚರಗ ಮುಗಿಯುವ ತನಕ ಮುಂದಿನವನು ತಿರುಗಿ ನೋಡುವಂತಿಲ್ಲ, ಇಬ್ಬರೂ ಬೇರೆ ಮಾತು ಆಡುವಂತಿಲ್ಲ. ಇಷ್ಟು ವರ್ಷ ಅಣ್ಣನ ಬೆನ್ನ ಹಿಂದೆ ನಿಂತು ಓಗೊಟ್ಟವನು ಕೇದಾರಿ.

ಹೊರಡುವಾಗ ಶೆಟ್ಟೆಪ್ಪನ ಹೆಂಡತಿ ಉದ್ದವ್ವ ತತ್ರಾಣಿಯ ಬಾಯಿಗೆ ಬಟ್ಟೆ ಬಿಗಿದು ಜೋಡುಗಂಟು ಹಾಕಿ ಕೊಟ್ಟಿದ್ದಳು. "ಒಂದ್ ಹನಿ ಚೆಲ್ಲಬ್ಯಾಡ್ರಿ. ಕೂಸಿನ ಜೀವ ಇದರಾಗ ಐತಿ" ಅಂದಿದ್ದಳು.

ಕಾಡಿನ ಅಂಚಿಗೆ ಬರುವಷ್ಟರಲ್ಲಿ ಹೊತ್ತು ಮೂಡಿತು. ಆಮೇಲೆ ಬಿಸಿಲೂ ಕಾಣಲಿಲ್ಲ. ಮೇಲೆ ಮತ್ತಿಮರ, ಕೆಳಗೆ ಕವಳಿ ಮೆಳೆ, ನಡುವೆ ಬಿದಿರು. ಗಾಳಿ ಬಂದಾಗೊಮ್ಮೆ ಬಿದಿರಿಗೆ ಬಿದಿರು ತಿಕ್ಕಿ ಕಿರ್ರ್... ಅನ್ನುತ್ತಿತ್ತು. ಯಲ್ಲಪ್ಪ ಮೂಡಲಗಿಯ ಬಯಲಲ್ಲಿ ಬೆಳೆದವನು. ಊರಲ್ಲಿ ಹುಲಿ ಹಿಡಿದು ತರುವಂತೆ ಮಾತಾಡುತ್ತಿದ್ದ. ಕಾಡು ಹೊಕ್ಕ ಮೇಲೆ ಮಾತು ಪಿಸುದನಿಗೆ ಇಳಿಯಿತು.

"ಇನ್ನ ಎಷ್ಟ್ ದೂರ ಐತ್ರಿ ಮಾಮಾ?"

"ಅಲ್ಲಿ ಕಾಣಾಕತ್ತೈತೆಲ್ಲ, ಅದ ನೆತ್ತಿ."

"ಮುಂಜಾನಿಂದ ನೋಡಾಕತ್ತೇನ್ರಿ. ನಾವು ಹೋದಂಗ ಅದೂ ಹಿಂದ ಸರಿಯಾಕತ್ತೈತಿ."

ಹಳ್ಳ ದಾಟಿದರು. ಏರು ಶುರುವಾಯಿತು. ಎಲ್ಲೋ ಒಂದು ಕರಿಮೂತಿಯ ಮುಸುವ ಖಕ್... ಖಕ್ ಅಂದು ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಯಲ್ಲಪ್ಪ ಮತ್ತೆ ಪಿಸುಗುಟ್ಟಿದ.

"ಮಾಮಾ... ನಾವು ಇಬ್ಬರ ಅದೇವೆಲ್ರಿ?"

"ಯಾಕ?"

"ನನ್ನ ಹಿಂದ ಯಾರೋ ತರಗೆಲಿ ತುಳದಂಗಾತು."

"ಮುಸುವ ಇರಬೇಕು. ಸುಮ್ನ ನಡಿ."

ಗಡಿಕಲ್ಲು ಬಂದಾಗ ಮಧ್ಯಾಹ್ನ ಮೀರಿತ್ತು. ಇಬ್ಬರೂ ಚಪ್ಪಲಿ ಬಿಟ್ಟರು. "ಇಲ್ಲಿಂದ ಮಾತಿಲ್ಲ" ಅಂದ ಶೆಟ್ಟೆಪ್ಪ. "ಏನ ಆಗಲಿ, ಬಾಯಿ ತೆರಿಬ್ಯಾಡ. ನಾ ಕರದಾಗ ಓಗೊಡು, ಅಷ್ಟ."

ಯಲ್ಲಪ್ಪ ಗೋಣು ಹಾಕಿದ.

ಅಲ್ಲಿಂದ ಮುಂದೆ ಕಡಿದಾದ ಬಂಡೆ. ಶೆಟ್ಟೆಪ್ಪ ಒಂದು ಕೈಯಲ್ಲಿ ಬುಟ್ಟಿ ಹಿಡಿದು ಇನ್ನೊಂದು ಕೈಯೂರಿ ಏರಿದ. ಹಿಂದೆ ಬರಿಗಾಲಿನ ಸಪ್ಪಳ, ಸರ್... ಸರ್... ಒಮ್ಮೆ ಕಲ್ಲು ಉರುಳಿತು. ಗಡ... ಗಡ... ಗಡ. ಆಮೇಲೆ ಏನೂ ಇಲ್ಲ. ಶೆಟ್ಟೆಪ್ಪ ನಿಂತ. ತಿರುಗುವಂತಿಲ್ಲ, ಕೇಳುವಂತಿಲ್ಲ. ಕಿವಿಗೊಟ್ಟ. ಸ್ವಲ್ಪ ಹೊತ್ತಿಗೆ ಮತ್ತೆ ಸರ್... ಸರ್... ಹೆಜ್ಜೆ ಮೊದಲಿಗಿಂತ ಹಗುರಾಗಿತ್ತು. ಸದ್ಯ, ಬಿದ್ದಿಲ್ಲ ಅಂದುಕೊಂಡು ಏರಿದ.

ನೆತ್ತಿಯೆಂದರೆ ಒಂದು ಚಪ್ಪಟೆ ಕರಿ ಬಂಡೆ. ಮುಂದೆ ಕಾಲು ಜಾರಿದರೆ ಹೆಣವೂ ಸಿಗದ ಕೊಳ್ಳ, ಹಿಂದೆ ಬಂದ ದಾರಿ. ಶೆಟ್ಟೆಪ್ಪ ಕೊಳ್ಳಕ್ಕೆ ಮುಖ ಮಾಡಿ ನಿಂತ. ಜೋಳದ ಬಾನ, ಸಜ್ಜಿ ಕಡಬು, ಪುಂಡಿಪಲ್ಯ ಕಲಸಿದ ಚರಗವನ್ನು ಹಿಡಿಯಷ್ಟು ತೆಗೆದು ಗಾಳಿಗೆ ಎಸೆದ.

"ಹುಲ್ಲುಲ್ಲಿಗೋ..."

"ಚಲ್ಲಂಬರಿಗೋ..."

ಬಂಡೆಯ ಮೇಲೆ ನೀರು ಬಿತ್ತು. ಚಿಳ್... ಚಿಳ್. ಶೆಟ್ಟೆಪ್ಪನ ಜೀವಕ್ಕೆ ಸಮಾಧಾನವಾಯಿತು. ಕೂಸನ್ನು ಉಳಿಸಪ್ಪ ಸಿದ್ಧಾ, ಅಂದುಕೊಂಡ. ಮತ್ತೊಂದು ಹಿಡಿ ಎಸೆದ. ಮತ್ತೆ ಹಿಂದಿನ ದನಿ ಓಗೊಟ್ಟಿತು. ಮತ್ತೊಂದು...

ಆಗ ಅವನ ಕೈ ತಡೆಯಿತು.

ಯಲ್ಲಪ್ಪನದು ಕೋಣದಂಥ ದನಿ. ಇದು ತೆಳ್ಳಗಿತ್ತು. ಕೊನೆಯ 'ಗೋ' ಉದ್ದಕ್ಕೆ ಎಳೆದು, ತುದಿಯಲ್ಲಿ ಒಡೆದು ಮೇಲೇರುತ್ತಿತ್ತು. ಹಾಗೆ ಕೂಗುತ್ತಿದ್ದವನು ಲೋಕದಲ್ಲಿ ಒಬ್ಬನೇ. ಚಿಕ್ಕಂದಿನಿಂದ ಎಷ್ಟು ಬೈದರೂ ಅವನು ತಿದ್ದಿಕೊಂಡಿರಲಿಲ್ಲ.

ನಡುವೆ ನಿಲ್ಲಿಸಿದರೆ ಚರಗ ಕೆಡುತ್ತದೆ. ಚರಗ ಕೆಟ್ಟರೆ ಕೂಸು... ಶೆಟ್ಟೆಪ್ಪ ಹಲ್ಲು ಕಚ್ಚಿ ಹಿಡಿ ತುಂಬಿದ. "ಹುಲ್ಲುಲ್ಲಿಗೋ..." ಅಂದು ಎಸೆದ. "ಚಲ್ಲಂಬರಿಗೋ..." ಹಿಮ್ಮಡಿಯ ಹತ್ತಿರವೇ ನೀರು, ಚಿಳ್... ಒಂದು ಹನಿ ಮೀನಖಂಡಕ್ಕೆ ಸಿಡಿಯಿತು. ಕೊರೆಯುವಷ್ಟು ತಣ್ಣಗೆ.

ಬುಟ್ಟಿ ಬರಿದಾಯಿತು. ಗಾಳಿಯೂ ನಿಂತಿತು. ಬೆನ್ನ ಹಿಂದೆ, ಕಿವಿಗೆ ತಾಗುವಷ್ಟು ಹತ್ತಿರ, ಪಿಸುದನಿ...

"ಯಣ್ಣಾ... ನೀರು."

ಹೊತ್ತು ಇಳಿಯುತ್ತಿತ್ತು. ತಿರುಗದೆ ಇಳಿಯಲು ದಾರಿಯೇ ಇಲ್ಲ. ತಿರುಗಲು ಕುತ್ತಿಗೆ ಒಪ್ಪಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತನೋ ಅವನಿಗೇ ತಿಳಿಯದು. ಕೊನೆಗೆ ಅತ್ತ.

"ತಪ್ಪಾತೋ ತಮ್ಮಾ. ಕೊಡ ನಾನ ಎತ್ತಿಟ್ಟೆ. ಕೊಡತೇನಿ... ಈಗ ಕೊಡತೇನಿ."

ಅಂದವನೇ ತಿರುಗಿದ.

ಯಾರೂ ಇರಲಿಲ್ಲ. ಯಲ್ಲಪ್ಪನೂ ಇರಲಿಲ್ಲ. ಅವನ ಹಿಮ್ಮಡಿಯ ಹಿಂದೆ ಬಂಡೆ ಒದ್ದೆಯಾಗಿತ್ತು. ಹನಿಗಳು ಹಳದಿಯಾಗಿದ್ದವು.

ಬಿದ್ದೂ ಎದ್ದೂ ಇಳಿದ. ಗಡಿಕಲ್ಲಿನಿಂದ ತುಸು ಮೇಲೆ ಯಲ್ಲಪ್ಪ ಕೂತಿದ್ದ. ಪಾದ ಬಾತುಕೊಂಡಿತ್ತು, ಮುಖದಲ್ಲಿ ರಕ್ತವಿಲ್ಲ. ತತ್ರಾಣಿಯನ್ನು ತೊಡೆಯ ಮೇಲೆ ಅವುಚಿಕೊಂಡಿದ್ದ.

"ಕಾಲ ಉಳುಕಿತ್ರಿ ಮಾಮಾ. ಕೂಗಬೇಕಂದ್ನಿ... ಬಾಯಿ ತೆರಿಬ್ಯಾಡ ಅಂದಿದ್ರೆಲ್ಲ."

"ಮ್ಯಾಲೆ ಬಂದಿಲ್ಲೇನ ನೀ?"

"ಇಲ್ರಿ. ಮತ್ತ... ಓಗೊಟ್ಟವರ್‍ಯಾರ್‍ರಿ? ಇಲ್ಲಿತನಾ ಕೇಳಸ್ತು."

ಶೆಟ್ಟೆಪ್ಪ ತತ್ರಾಣಿಯನ್ನು ಎತ್ತಿದ. ಹಗುರ. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ. ಸಪ್ಪಳವಿಲ್ಲ. ಬಾಯಿಗೆ ಉದ್ದವ್ವ ಹಾಕಿದ ಜೋಡುಗಂಟು ಹಾಗೇ ಇತ್ತು.

"ಸೀಳಿಲ್ಲ, ಸೋರಿಲ್ರಿ" ಅಂದ ಯಲ್ಲಪ್ಪ. "ಬೀಳೂತನಕ ನನ್ನ ಹೆಗಲಾ ಹರಿಯುವಂಗ ಭಾರ ಇತ್ತು."

ಯಲ್ಲಪ್ಪನನ್ನು ತೋಳಿಗೆ ಆನಿಸಿಕೊಂಡು ಕಾಡು ದಾಟಿದಾಗ ಕಗ್ಗತ್ತಲು. ಅಮವಾಸ್ಯೆ, ಕೈಗೆ ಕೈ ಕಾಣದು. ಆಲದ ಮರ ಬಂತು. ಬೆಳಿಗ್ಗೆ ಬಿರಬಿರನೆ ದಾಟಿದವನು ಈಗ ಅಲ್ಲೇ ನಿಂತ.

"ಇಲ್ಲಿ ಬ್ಯಾಡ್ರಿ ಮಾಮಾ... ನಡೀರಿ."

ಶೆಟ್ಟೆಪ್ಪ ಬಾವಿಗೆ ಹೋದ. ತತ್ರಾಣಿಯ ಗಂಟು ಕೈಯಿಂದ ಬಿಚ್ಚಲು ಬರಲಿಲ್ಲ, ಅಷ್ಟು ಬಿಗಿ. ಹಲ್ಲಿನಿಂದ ಕಚ್ಚಿ ಬಿಚ್ಚಿದ. ನೀರು ತುಂಬಿ ತಂದು ಗುಡಿಸಲಿದ್ದ ಜಾಗದಲ್ಲಿ ಬಗ್ಗಿಸಿದ. "ಕುಡಿ ತಮ್ಮಾ" ಅಂದ. ನೆಲ ಸೊರ್... ಅಂತ ಹೀರಿತು. ಮತ್ತೆ ತುಂಬಿಕೊಂಡ.

"ಇದು ಯಾರಿಗ್ರಿ?"

"ಕೂಸಿಗೆ. ವೈದ್ಯ ಹಾಳಾಗಿ ಹೋಗ್ಲಿ, ನಾ ಕುಡಸ್ತೇನಿ."

ಮನೆಯ ಬಾಗಿಲು ಹಾಕಿತ್ತು. ಬಾಳವ್ವ ಅಗಳಿ ತೆಗೆದು, ತುಟಿಯ ಮೇಲೆ ಬೆರಳಿಟ್ಟಳು.

"ಮಲಗೇತ್ರಿ ಬಾವಾರ. ಇಳಿಹೊತ್ತಿಗೆ ಮೈ ತಣ್ಣಗಾತು."

"ನೀರು ಕೇಳ್ತೇನವ್ವಾ?"

"ಆವಾಗಿಂದ ಕೇಳೇ ಇಲ್ರಿ."

ಶೆಟ್ಟೆಪ್ಪ ಚಿಮಣಿ ದೀಪ ತಂದು ಬಗ್ಗಿ ನೋಡಿದ. ಕೂಸು ಹಾಯಾಗಿ ಉಸಿರಾಡುತ್ತಿತ್ತು. ತುಟಿಯ ಸುತ್ತ, ಗದ್ದದ ಮೇಲೆ ಹಳದಿ ಒಣಗಿತ್ತು. ಅಂಗಿಯ ಕೊರಳು ಇನ್ನೂ ಒದ್ದೆ.

"ಅರಿಷಿಣ ಯಾರ ಹಚ್ಚೀರಿ?"

ಬಾಳವ್ವನೂ ಅದನ್ನು ಕಂಡದ್ದು ಆಗಷ್ಟೇ. "ಯಾರೂ ಇಲ್ರಿ... ಅಗಳಿ ಹಾಕ್ಕೊಂಡ ಇಲ್ಲೇ ಕುಂತೇನಿ" ಅಂದಳು.

ಗುಡ್ಡವ್ವ ಬೆಳೆದು, ಹುಕ್ಕೇರಿಗೆ ಸೊಸೆಯಾಗಿ ಹೋಗಿ, ಮೊಮ್ಮಕ್ಕಳನ್ನೂ ಕಂಡಳು. ಆ ಅಂಗಿ ಅವಳ ಟ್ರಂಕಿನ ತಳದಲ್ಲಿತ್ತು. ಅರಿಷಿಣದ ಕಲೆ ಬಿಸಿಲಿಗೆ ಹೋಗುತ್ತದೆ ಅನ್ನುತ್ತೀರಿ, ನನಗೂ ಗೊತ್ತು. ಎಷ್ಟೋ ಬೇಸಿಗೆ ಒಣಹಾಕಿದರು, ಹೋಗಲಿಲ್ಲ. ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮತ್ತೆ... ಅದರ ಕೊರಳು, ಮುಟ್ಟಿದರೆ, ಆಗಲೂ ಸ್ವಲ್ಪ ಹಸಿ ಇತ್ತು.