ಬಾಗಿಲ ಕಡೆಗಿನ ಕುರ್ಚಿ

…ಹೂಂ ಕಣೇ, ಕಾರಲ್ಲೇ ಕೂತು ಊಟ ಮಾಡ್ತಿದ್ದೆ. “ವೈ ಇನ್ ದ ಕಾರ್, ಅಜ್ಜಿ?” ಅಂತೀಯ, ಇನ್ನೆಲ್ಲಿಗೆ ಹೋಗ್ಲಿ? ನಿಮ್ಮ ತಾತ ಹೋದ್ರು, ಹಿಂದೇನೇ ಕೊರೊನಾ ಬಂತು, ಒಬ್ಬಳೇ ಗೋಡೆ ನೋಡ್ಕೊಂಡು ಹುಚ್ಚು ಹಿಡಿಯೋದೊಂದು ಬಾಕಿ. ಅದಕ್ಕೇ ಆಗ ನಾನಿದ್ದ ವೆಸ್ಟ್ ಕೊವಿನಾ ಊರಲ್ಲಿ, ಮನೆ ಹತ್ರ ಇದ್ದ ಚೀನೀಯರ ಅಕ್ಕಿ ಶ್ಯಾವಿಗೆ ಫ್ಯಾಕ್ಟರಿಗೆ ಸೇರ್ಕೊಂಡೆ. ಈ ವಯಸ್ಸಲ್ಲಿ ಮೊದಲನೇ ಕೆಲಸ, ನೋಡು! ಹೋಟೆಲ್‌ನೋರ ಆರ್ಡರ್ ಫೋನಲ್ಲಿ ತಗೊಳ್ಳೋದು. ಯಜಮಾನ್ರು ಲಿನ್ ಅಂತ, ವಯಸ್ಸಾದೋರು. ಮುಂಚೆ ಮಧ್ಯಾಹ್ನ ಎಲ್ರೂ ಒಂದೇ ದುಂಡು ಮೇಜಲ್ಲಿ ಊಟ ಮಾಡ್ತಿದ್ರಂತೆ, ಬಾಗಿಲು ಕಾಣೋ ಕುರ್ಚಿ ಅವರದ್ದು. ಜಗಳ, ದೂರು, ಎಲ್ಲಾ ಅಲ್ಲೇ ಊಟದ ಜೊತೆ ಮುಗೀತಿತ್ತು. ಕೊರೊನಾಕ್ಕೆ ಅದು ನಿಂತ್ಹೋಯ್ತು. ಆಮೇಲೆ ಫ್ಯಾಕ್ಟರಿ ಅವರ ಮಗಳ ಕೈಗೆ ಬಂತಲ್ಲ, ಮೇ ಅಂತ ಹೆಸರು, ಓದಿದ ಹುಡುಗಿ, “ಅವರವರ ಜಾಗದಲ್ಲೇ ಊಟ ಮಾಡ್ಲಿ, ಮಾತಿಗೆ ಸೋಮವಾರ ಮೀಟಿಂಗ್ ಇದೆಯಲ್ಲ” ಅಂದ್ಳು. ನನ್ನ ಜಾಗದಲ್ಲಿ ಫೋನು ಉಣ್ಣೋಕೆ ಬಿಡ್ತಿರ್ಲಿಲ್ಲ, ಅದಕ್ಕೇ ಕಾರು.

ಮೀಟಿಂಗಲ್ಲಿ ಏನಾಗ್ತಿತ್ತು ಗೊತ್ತಾ? ಮೇ ಕೇಳೋಳು, “ಹೊಸ ಶ್ಯಾವಿಗೆ ಮೆಷಿನ್ ಹೇಗಿದೆ?” ಆಳುಗಳು, “ಚೆನ್ನಾಗಿದೆ.” “ತೊಂದ್ರೆ?” “ಏನಿಲ್ಲ, ಏನಿಲ್ಲ.” ಇತ್ತ ನನ್ನ ಫೋನಲ್ಲಿ ಹೋಟೆಲ್‌ನೋರು ಬೈತಿದ್ರು, ಶ್ಯಾವಿಗೆ ಎಲ್ಲಾ ತುಂಡು ತುಂಡು ಅಂತ! ನಾನು ಮೇಗೆ ಹೇಳ್ದೆ, ಅವಳು ಹೋಗಿ ಕೇಳಿದ್ಳು, ಮತ್ತೆ “ಏನಿಲ್ಲ.” ಆದ್ರೆ ಯಜಮಾನ್ರು ದಿನಾ ಮಧ್ಯಾಹ್ನ ಬಂದು ಆ ಖಾಲಿ ಮೇಜಲ್ಲಿ ಒಬ್ಬರೇ ಕೂರೋರು, ಆಳುಗಳೆಲ್ಲ ಗುಟ್ಟಾಗಿ ಅವರ ಕಿವೀಲಿ ಹೇಳೋರು. ಪಾಪ, ಮೇ ಒಂದಿನ ಅತ್ತೇಬಿಟ್ಳು. “ಆಂಟಿ, ನನ್ನ ಮಾತು ಯಾರೂ ಕೇಳಲ್ಲ. ಹೀಗೇ ಆದ್ರೆ ಫ್ಯಾಕ್ಟರಿ ಮಾರಿಬಿಡ್ತೀನಿ.”

ಅವತ್ತು ಬಿಸಿಲು, ಅಬ್ಬಾ, ಕಾರು ಕಾದ ಕಾವಲಿ ಆಗಿತ್ತು. ಡಬ್ಬಿ ಹಿಡ್ಕೊಂಡು ಒಳಗೆ ಬಂದೆ. ಲಿನ್ ಅವರು ತಮ್ಮ ಕುರ್ಚೀಲೇ ಕೂತು ನಂಗೊಂದು ಕುರ್ಚಿ ತೋರಿಸಿದ್ರು, ಟೀ ಬಗ್ಗಿಸಿದ್ರು. ನಂದೂ ಅರ್ಧ ಇಂಗ್ಲಿಷ್, ಅವರದ್ದೂ ಅರ್ಧ. ನನಗೆ ನಮ್ಮತ್ತೆ ನೆನಪಾದ್ರು. ಅಡುಗೆಮನೆ ನಿಂದೇ ಅಂತ ಹೇಳಿ, ತಾವು ಮಾತ್ರ ಒಲೆ ಮುಂದಿಂದ ಏಳ್ತಾನೇ ಇರ್ಲಿಲ್ಲ! ಹೇಳೇಬಿಟ್ಟೆ: “ಮಗಳಿಗೆ ಬೀಗದ ಕೈ ಕೊಟ್ರಿ, ಕುರ್ಚಿ ಕೊಟ್ಟಿಲ್ಲ.” ಟೀ ಲೋಟ ಕೆಳಗಿಟ್ರು. ಕೆಲಸ ಹೋಯ್ತು ಅಂದ್ಕೊಂಡೆ. ಆಮೇಲೆ ಮೆಲ್ಲಗೆ ಅಂದ್ರು: “ಎದ್ರೆ ಎಲ್ಲಿ ಕೂರ್ಲಿ? ಮನೇಲಿ ಯಾರೂ ಇಲ್ಲ.” ಅಯ್ಯೋ, ನನ್ನ ಹೊಟ್ಟೇಲಿದ್ದ ಮಾತೇ ಕಣೇ ಅದು. ಪಕ್ಕದ ಕುರ್ಚಿ ತಟ್ಟಿ, “ಇಲ್ಲಿ ಕೂತ್ಕೊಳ್ಳಿ” ಅಂದೆ.

ಮಾರನೇ ದಿನ ಎಲ್ಲರನ್ನೂ ಊಟಕ್ಕೆ ಕರೆಸಿದ್ರು. ಮೇ ಕೈ ಹಿಡಿದು ಬಾಗಿಲು ಕಾಣೋ ಆ ಕುರ್ಚೀಲಿ ಕೂರಿಸಿ, ಮಗಳಿಗೆ ಮೊದಲು ತಾವೇ ಟೀ ಬಗ್ಗಿಸಿದ್ರು. ಆಮೇಲೆ ಬಂದು ನನ್ನ ಪಕ್ಕ ಕೂತು, ನನ್ನ ಡಬ್ಬೀಂದ ಒಂದು ಚಮಚ ಚಿತ್ರಾನ್ನ ತಗೊಂಡ್ರು. ಆಗ ಮೆಷಿನ್ ನೋಡ್ಕೊಳ್ಳೋನು ಬಾಯಿಬಿಟ್ಟ, ಮೇ ಕಡೆ ತಿರುಗಿ: “ಈ ಮೆಷಿನ್‌ಗೆ ಅಕ್ಕಿ ಇನ್ನೂ ಸ್ವಲ್ಪ ಹೊತ್ತು ನೆನೀಬೇಕು, ಅದಕ್ಕೇ ಮುರೀತಿದೆ.” ಅಷ್ಟೇ ಇದ್ದದ್ದು! ಮೇ ಫ್ಯಾಕ್ಟರಿ ಮಾರಲಿಲ್ಲ, ಮೇಜೂ ಎತ್ತಿಸಲಿಲ್ಲ. ಲಿನ್ ಅವರು ತೀರಿಹೋಗೋವರೆಗೂ ನನ್ನ ಪಕ್ಕದ ಕುರ್ಚಿ ಅವರದ್ದೇ. ಅದು ಖಾಲಿಯಾದ್ಮೇಲೆ ನನಗೂ ಅಲ್ಲಿರೋಕೆ ಆಗ್ಲಿಲ್ಲ, ಇಲ್ಲಿ ಪೋರ್ಟರ್ ರ್ಯಾಂಚ್‌ಗೆ, ನಿಮ್ಮ ಹತ್ರ ಬಂದೆ. ಬಂದು ನೋಡಿದ್ರೆ ನಿನ್ನ ತಟ್ಟೆ ರೂಮಲ್ಲಿ, ನಿಮ್ಮಮ್ಮನ ತಟ್ಟೆ ಲ್ಯಾಪ್‌ಟಾಪ್ ಮುಂದೆ. ಏಳು, ತಟ್ಟೆ ಇಲ್ಲಿಗೇ ತಗೊಂಡು ಬಾ. ಉಣ್ಣೋವಾಗ ಪಕ್ಕದಲ್ಲಿ ಯಾರಾದ್ರೂ ಇರ್ಬೇಕು ಕಣೇ, ಅಷ್ಟೇ.