ಡಬ್ಬಿಯ ಮುಚ್ಚಳ

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ, ಬೆಂಚಿನಲ್ಲಿ ನನ್ನ ಪಕ್ಕ ವಯಸ್ಸಾದ ಗಂಡ ಹೆಂಡತಿ ಕೂತಿದ್ದರು. ಆತನಿಗೆ ಅಂದು ಹಲ್ಲುಸೆಟ್ಟು ಕೂರಿಸುವುದಿತ್ತು.

“ಸೆಟ್ಟು ಬಂದ್ಮೇಲೆ ಮೊದಲು ಏನು ತಿಂತೀರಿ?”

“ನಿನ್ನ ಟೊಮೇಟೊ ಚಿಪ್ಸು. ಆದ್ರೆ ಈಗೀಗ ನಿನ್ನ ಕೈ ಹದ ತಪ್ಪಿದೆ ಕಣೇ. ಎಲ್ಲಾ ಮೆತ್ತಗೆ.”

“ತೆಳ್ಳಗೇ ಹೆಚ್ತೀನಿ, ಉಪ್ಪು ಸವರಿ ಗರಿಗರಿಯಾಗೇ ಒಣಗಿಸ್ತೀನಿ. ಆಮೇಲೆ ಡಬ್ಬಿ ಮುಚ್ಚಳ ತೆಗೆದಿಟ್ಟು ಮಲಗ್ತೀನಿ.”

“ಯಾಕೆ?”

“ಗರಿಗರಿ ಇದ್ರೆ ಆ ಬೊಚ್ಚುಬಾಯಲ್ಲಿ ಹೇಗೆ ತಿಂತಿದ್ರಿ?”



“ನಿನಗಾದ್ರೂ ಬೇರೆ ತೆಗೆದಿಟ್ಕೋಬೇಕಿತ್ತು.”

“ನೀವು ಮೆತ್ತಗಿಂದು ಚೀಪ್ತಾ ಕೂತಿರೋವಾಗ ನಾನೊಬ್ಬಳು ಪಕ್ಕದಲ್ಲಿ ಕುರುಂಕುರುಂ ಅನ್ನಿಸ್ಲಾ?”

ನರ್ಸ್ ಕರೆದರು. ಆತ ಎದ್ದವನು ಬಾಗಿಲ ಬಳಿ ತಿರುಗಿ ನಿಂತ.

“ಇವತ್ತು ಮುಚ್ಚಳ?”

“ಬಿಗಿಯಾಗಿ ಹಾಕೇ ಬಂದಿದೀನಿ. ಹೋಗ್ಬನ್ನಿ.”