ಬಿ-ಕಾಂಪ್ಲೆಕ್ಸ್ ಡಬ್ಬಿ

ತುಮಕೂರಿನ ಆಸ್ಪತ್ರೆಯೊಂದರಲ್ಲಿ ಶುಗರ್ ಟೆಸ್ಟಿಗೆ ಕಾಯುತ್ತಿದ್ದೆ. ಪಕ್ಕದ್ದು ಎಚ್‌ಐವಿ ಪರೀಕ್ಷೆಯ ಕೋಣೆ. ಅದರ ಮುಂದಿನ ಬೆಂಚಿನಲ್ಲಿ ಮೂವತ್ತರ ಆಸುಪಾಸಿನ ಇಬ್ಬರು ಗಂಡಸರು ಕೂತಿದ್ದರು. ಕಿವಿ ಮುಚ್ಚಿಕೊಳ್ಳುವಷ್ಟು ಸಭ್ಯಸ್ಥ ನಾನಲ್ಲ.

"ರಿಪೋರ್ಟೂ ಬ್ಯಾಡ, ಏನೂ ಬ್ಯಾಡ ಕಣೋ ಚೈತನ್ಯ. ನಾನು ಕುಣಿಗಲ್ ಬಸ್ ಹತ್ತೀನಿ."

"ಕೂತ್ಕೊಳೋ ರಘು. ನಂಗೆ ಪಾಸಿಟಿವ್ ಬಂದಾಗ ನಾನೂ ಹಿಂಗೇ ಹೆದರಿದ್ದೆ. ಈಗ ದಿನಾ ಮಾತ್ರೆ ನುಂಗ್ತೀನಿ, ಗುಂಡ್ಕಲ್ಲಿನಂಗೆ ಇದೀನಿ."

"ಮನೇಲಿ ಹೆಂಗೆ ಗೊತ್ತಾಯ್ತು?"

"ಬಿ-ಕಾಂಪ್ಲೆಕ್ಸ್ ಡಬ್ಬಿಲಿ ಬಚ್ಚಿಟ್ಟಿದ್ದೆ. ಶಕ್ತಿ ಮಾತ್ರೆ ಅಂತ ಅಮ್ಮನೂ ಒಂದು ನುಂಗೋಕೆ ಹೋದ್ಲು. ಕೈಯಿಂದ ಕಿತ್ಕೊಂಡೆ. ಆಮೇಲೆ ಎಲ್ಲಾ ಹೇಳ್ಬೇಕಾಯ್ತು."

"ಎಲ್ಲಾ ಅಂದ್ರೆ? ನನ್ ವಿಷ್ಯಾನೂ?"

"ಹೂಂ. ನಿನ್ನ ಬಿಟ್ಟು ಯಾರ ಜೊತೇನೂ ಬಾಳಲ್ಲ ಅಂತಾನೂ. ಸ್ವಲ್ಪ ದಿನ ಮಾತು ಬಿಟ್ಟಿದ್ಲು. ಈಗ ಸೀರಿಯಲ್ ಮುಗಿದ ತಕ್ಷಣ 'ಮಾತ್ರೆ ತಗೊಂಡ್ಯೇನ್ಲಾ' ಅಂತ ಅವಳೇ ಕೂಗ್ತಾಳೆ."

ಒಳಗಿನಿಂದ ರಘುವಿನ ನಂಬರ್ ಕರೆದರು. ಅವನು ಏಳಲಿಲ್ಲ.

"ಏಳೋ. ರಿಪೋರ್ಟ್ ಏನೇ ಬರ್ಲಿ, ಇವತ್ತು ಗುಬ್ಬಿ ಮನೆಗೆ ಊಟಕ್ಕೆ ಕರ್ಕೊಂಬಾ ಅಂದವ್ಳೆ ಅಮ್ಮ."

"ಏನೇ ಬಂದ್ರೂನಾ?"

"ಇನ್ನೊಂದು ಡಬ್ಬಿ ಇಡೋಕೆ ಅಡಿಗೆಮನೆ ಗೂಡಲ್ಲಿ ಜಾಗ ಐತಂತೆ."

ರಘು ಎದ್ದ. ಇಬ್ಬರೂ ಒಟ್ಟಿಗೇ ಒಳಗೆ ಹೋದರು.